ಸಾವಿನ ಲೆಕ್ಕದಲ್ಲೂ ನಮ್ಮ ಕೇರಿಗೆ ಕಾಲಂ ಇಲ್ಲ



ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಅಂಕಿ ಅಂಶ ಜಾಸ್ತಿ ಇದೆ, ಬೇಜಾರು ಮಾಡ್ಕೋಬೇಡಿ. ಅಂಕಿ ಅಂಶವನ್ನ ಅವರಿಗೇ ಬಿಟ್ಟುಕೊಟ್ಟು ನಾವು ಬರೀ ಘೋಷಣೆ ಇಟ್ಕೊಂಡಿದ್ದಕ್ಕೇ ಇಷ್ಟು ವರ್ಷ ನಮ್ಮ ಸಾವುಗಳು ಯಾವ ಲೆಕ್ಕಕ್ಕೂ ಬಂದಿಲ್ಲ.

ಬಜೆಟ್ ಬಂದಾಗಲೆಲ್ಲ, ಆರೋಗ್ಯ ಇಲಾಖೆಯ ಜಾಹೀರಾತು ಬಂದಾಗಲೆಲ್ಲ ಒಂದು ಮಾತು ಕೇಳ್ತೀವಿ: ಕರ್ನಾಟಕದಲ್ಲಿ ಶಿಶು ಮರಣ ಇಳಿದಿದೆ, ತಾಯಿ ಮರಣ ಇಳಿದಿದೆ. ಸುಳ್ಳಲ್ಲ, ಇಳಿದಿದೆ. ಎಸ್‌ಆರ್‌ಎಸ್ ಅನ್ನೋ ಕೇಂದ್ರ ಸರ್ಕಾರದ ಮಾದರಿ ಸಮೀಕ್ಷೆಯ ಪ್ರಕಾರ 2020ರಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಒಂದು ವರ್ಷ ತುಂಬೋದರೊಳಗೆ ಸತ್ತವರು ದೇಶದಲ್ಲಿ 28, ಕರ್ನಾಟಕದಲ್ಲಿ 19. ಇದನ್ನ ಹಿಡ್ಕೊಂಡು ಬೆನ್ನು ತಟ್ಕೊಳ್ತಾರೆ. ಪಕ್ಕದ ತಮಿಳುನಾಡಲ್ಲಿ 13, ಕೇರಳದಲ್ಲಿ 6 ಅನ್ನೋದನ್ನ ಜಾಹೀರಾತಿನಲ್ಲಿ ಹಾಕಲ್ಲ. ತಾಯಂದಿರ ಸಾವು ನೋಡಿ. 2018-20ರ ಲೆಕ್ಕದಲ್ಲಿ ಪ್ರತಿ ಲಕ್ಷ ಹೆರಿಗೆಗೆ ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54. ಕರ್ನಾಟಕದಲ್ಲಿ 69. ದಕ್ಷಿಣದ ಐದು ರಾಜ್ಯಗಳಲ್ಲಿ ಹೆಚ್ಚು ತಾಯಂದಿರು ಸಾಯೋದು ಐಟಿ ರಾಜಧಾನಿ ಇರೋ ನಮ್ಮ ರಾಜ್ಯದಲ್ಲೇ.

ನನ್ನ ಪ್ರಶ್ನೆ ಇದಲ್ಲ. ಇದು ಎಲ್ಲರೂ ಕೇಳೋ ಪ್ರಶ್ನೆ. ನನ್ನ ಪ್ರಶ್ನೆ: ಈ 69ರಲ್ಲಿ ಉಡುಪಿಯ ಪಾಲೆಷ್ಟು, ಯಾದಗಿರಿಯ ಪಾಲೆಷ್ಟು? ಯಾದಗಿರಿಯ ಪಾಲಿನಲ್ಲಿ ಊರಿನವರದ್ದೆಷ್ಟು, ಕೇರಿಯವರದ್ದೆಷ್ಟು, ತಾಂಡಾದವರದ್ದೆಷ್ಟು?

ಇದಕ್ಕೆ ಸರ್ಕಾರದ ಹತ್ತಿರ ಜನರ ಮುಂದೆ ಇಡುವಂಥ ಉತ್ತರ ಇಲ್ಲ. ಇಲ್ಲ ಅನ್ನೋದೇ ಈ ಪೋಸ್ಟಿನ ವಿಷಯ.

*ಸರಾಸರಿ ಹೇಗೆ ಕೆಲಸ ಮಾಡುತ್ತೆ*

ಎಸ್‌ಆರ್‌ಎಸ್ ರಾಜ್ಯಕ್ಕೆ ಒಂದು ಅಂಕಿ ಕೊಡುತ್ತೆ. ಹಳ್ಳಿ, ನಗರ ಅಂತ ಬೇರೆ ಮಾಡುತ್ತೆ. ಗಂಡು ಮಗು, ಹೆಣ್ಣು ಮಗು ಅಂತ ಬೇರೆ ಮಾಡುತ್ತೆ. ಜಿಲ್ಲೆಗೆ ಬೇರೆ ಅಂಕಿ ಕೊಡಲ್ಲ, ಅದರ ಮಾದರಿಯ ಗಾತ್ರ ಅಷ್ಟಿಲ್ಲ. ಸರಿ, ಎನ್‌ಎಫ್‌ಎಚ್‌ಎಸ್ ಇದೆಯಲ್ಲ, ಪ್ರತಿ ಜಿಲ್ಲೆಗೂ ನಾಲ್ಕಾರು ಪುಟದ ವರದಿ ಬರುತ್ತಲ್ಲ ಅಂತ ಕೇಳಬಹುದು. ಬರುತ್ತೆ. ಅದರಲ್ಲಿ ನೂರಕ್ಕೂ ಹೆಚ್ಚು ಸೂಚ್ಯಂಕ ಇವೆ. ಎಷ್ಟು ಮನೆಗೆ ಕರೆಂಟ್ ಇದೆ, ಎಷ್ಟು ಹೆಂಗಸರಿಗೆ ರಕ್ತಹೀನತೆ ಇದೆ, ಎಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಎಲ್ಲ ಇದೆ. ಎಷ್ಟು ಮಕ್ಕಳು ಸತ್ತರು ಅನ್ನೋದು ಮಾತ್ರ ಜಿಲ್ಲಾ ವರದಿಯಲ್ಲಿ ಇಲ್ಲ. ಜಿಲ್ಲಾವಾರು ಸಾವಿನ ಪ್ರಮಾಣ ಬೇಕು ಅಂದ್ರೆ ಸಂಶೋಧಕರು ಗಣಿತದ ಮಾದರಿ ಕಟ್ಟಿ ಅಂದಾಜು ಮಾಡಿದ್ದನ್ನ ಓದಬೇಕು.

ಒಂದು ಜಿಲ್ಲೆಯಲ್ಲಿ ಸಾವಿರಕ್ಕೆ ಎಂಟು ಮಕ್ಕಳು ಸಾಯ್ತಾರೆ, ಇನ್ನೊಂದರಲ್ಲಿ ಮೂವತ್ತು ಅಂತ ಇಟ್ಕೊಳ್ಳಿ. ಉದಾಹರಣೆಗೆ ಹೇಳ್ತಿದ್ದೀನಿ. ಎರಡೂ ಕಡೆ ಹುಟ್ಟುವ ಮಕ್ಕಳ ಸಂಖ್ಯೆ ಒಂದೇ ಆದರೆ ಸರಾಸರಿ ಹತ್ತೊಂಬತ್ತು. ಮೊದಲ ಜಿಲ್ಲೆಗೂ ಅದು ನಿಜ ಅಲ್ಲ, ಎರಡನೆಯದಕ್ಕೂ ನಿಜ ಅಲ್ಲ. ಯಾವ ತಾಯಿಯೂ ಆ ಹತ್ತೊಂಬತ್ತರಲ್ಲಿ ಬದುಕಿಲ್ಲ. ಆದರೆ ವಿಧಾನಸೌಧದಲ್ಲಿ ಮಾತಾಡೋದು ಆ ಹತ್ತೊಂಬತ್ತರ ಬಗ್ಗೆ.

*ಅಧಿಕಾರಿಗಳ ಕೈಚಳಕ*

ಕೆಲವು ವರ್ಷದ ಹಿಂದೆ ಒಂದು ಜಿಲ್ಲೆಯ ಸಭೆಯಲ್ಲಿ ಸಂಘಟನೆಗಳ ಪರವಾಗಿ ನಾನೂ ಕೂತಿದ್ದೆ. ಯಾವ ಜಿಲ್ಲೆ, ಯಾವ ಸಾಹೇಬರು ಅಂತ ಹೇಳಲ್ಲ. ಸಾವುಗಳ ಬಗ್ಗೆ ಕೇಳಿದ್ದಕ್ಕೆ ಸಾಹೇಬರು ಹಾಳೆ ತಿರುವಿ ಹಾಕಿ ಹೇಳಿದ್ರು: "ನೋಡ್ರಿ, ನಮ್ಮ ಜಿಲ್ಲೆಯ ಸಾವಿನ ಪ್ರಮಾಣ ದಕ್ಷಿಣದ ಎಷ್ಟೋ ಜಿಲ್ಲೆಗಿಂತ ಕಡಿಮೆ ಅದ. ನೀವು ಸುಮ್ನೆ ಹೆದರಿಸ್ತೀರಿ." ಸಭೆ ತಲೆಯಾಡಿಸಿತು. ಕಾಫಿ ಬಂತು.

ಸಾಹೇಬರ ಕೈಯಲ್ಲಿದ್ದ ಅಂಕಿ ಸುಳ್ಳಿರಲಿಲ್ಲ. ಅದನ್ನ ಬಳಸಿದ ರೀತಿ ಸುಳ್ಳು. ಸಾವಿರ ಜನಸಂಖ್ಯೆಗೆ ವರ್ಷಕ್ಕೆ ಎಷ್ಟು ಸಾವು ಅನ್ನೋ ಒಟ್ಟು ಮರಣ ಪ್ರಮಾಣ ಇದೆಯಲ್ಲ, ಅದು ವಯಸ್ಸನ್ನ ನೋಡಲ್ಲ. ಮುದುಕರು ಜಾಸ್ತಿ ಇರೋ ಕಡೆ ಸಾವು ಜಾಸ್ತಿ, ಚಿಕ್ಕವರು ಜಾಸ್ತಿ ಇರೋ ಕಡೆ ಸಾವು ಕಡಿಮೆ. 2020ರ ಎಸ್‌ಆರ್‌ಎಸ್ ತೆಗೆದು ನೋಡಿ, ಕೇರಳದ ಒಟ್ಟು ಮರಣ ಪ್ರಮಾಣ 7ರ ಆಸುಪಾಸು, ಬಿಹಾರದ್ದು 6ಕ್ಕಿಂತ ಕಡಿಮೆ. ಹಾಗಂತ ಆರೋಗ್ಯಕ್ಕೆ ಬಿಹಾರಕ್ಕೆ ಹೋಗಿ ಅಂತ ಯಾರಾದ್ರೂ ಹೇಳ್ತಾರಾ? ಕೇರಳದಲ್ಲಿ ಜನ ಎಪ್ಪತ್ತೈದು, ಎಂಬತ್ತಕ್ಕೆ ಸಾಯ್ತಾರೆ. ಬಿಹಾರದಲ್ಲಿ ತೊಟ್ಟಿಲಲ್ಲೇ ಸಾಯುವ ಮಕ್ಕಳು ಜಾಸ್ತಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಮುದುಕರಿರೋ ರಾಜ್ಯ ರೋಗಿಷ್ಠ ಅಂತ ಕಾಣುತ್ತೆ.

ನಮ್ಮ ಉಡುಪಿ, ಯಾದಗಿರಿಗೂ ಇದೇ ಕತೆ. ಕರಾವಳಿಯಲ್ಲಿ ಹುಟ್ಟು ಕಡಿಮೆಯಾಗಿ ಎಷ್ಟೋ ದಶಕ ಆಯ್ತು, ವಯಸ್ಸಾದವರು ಜಾಸ್ತಿ. ಯಾದಗಿರಿಯಲ್ಲಿ ಮಕ್ಕಳು ಜಾಸ್ತಿ. ವಯಸ್ಸಿನ ಪ್ರಕಾರ ಸರಿಹೊಂದಿಸದೆ ಜಿಲ್ಲೆ ಜಿಲ್ಲೆ ಹೋಲಿಸಿದರೆ ಅದು ಲೆಕ್ಕ ಅಲ್ಲ, ಕಣ್ಕಟ್ಟು. ಇನ್ನು ಮುಂದೆ ಯಾವ ಸಭೆಯಲ್ಲಾದರೂ ಯಾರಾದರೂ "ನಮ್ಮಲ್ಲಿ ಸಾವು ಕಡಿಮೆ" ಅಂದರೆ ಒಂದೇ ಮಾತು ಕೇಳಿ: ಯಾವ ವಯಸ್ಸಿನವರ ಸಾವು ಸಾರ್?

ಎರಡನೇ ಕಣ್ಕಟ್ಟು ಇನ್ನೂ ಘೋರ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಸಾವು ದಾಖಲಾಗೋದು ಸತ್ತ ಜಾಗದಲ್ಲಿ, ಬದುಕಿದ್ದ ಜಾಗದಲ್ಲಿ ಅಲ್ಲ. ಸುರಪುರ ತಾಲೂಕಿನ ಹೆಣ್ಣುಮಗಳನ್ನ ಹೆರಿಗೆ ಕಷ್ಟ ಆಯ್ತು ಅಂತ ಕಲಬುರಗಿಗೆ ಕಳಿಸಿದರೆ, ಅಲ್ಲಿ ಆಕೆ ಸತ್ತರೆ, ಆ ಸಾವು ಕಲಬುರಗಿಯ ರಿಜಿಸ್ಟರಿನಲ್ಲಿ. ದೇವದುರ್ಗದಿಂದ ಗುಳೆ ಹೋದ ಹುಡುಗ ಬೆಂಗಳೂರಿನಲ್ಲಿ ಕಟ್ಟಡದಿಂದ ಬಿದ್ದು ಸತ್ತರೆ ಅವನ ಸಾವು ಬೆಂಗಳೂರಿನ ರಿಜಿಸ್ಟರಿನಲ್ಲಿ. ಆಸ್ಪತ್ರೆಯೇ ಇಲ್ಲದ ತಾಲೂಕಿನ ಲೆಕ್ಕ ಶುಭ್ರವಾಗಿರುತ್ತೆ. ಸಾಯೋಕೂ ಅಲ್ಲಿ ವ್ಯವಸ್ಥೆ ಇಲ್ಲವಲ್ಲ! ಫಾರಂನಲ್ಲಿ ಮೃತರ ವಾಸದ ಊರು ಬರೆಯೋಕೆ ಜಾಗ ಇದೆ. ಅದನ್ನ ಆಧರಿಸಿ ತಾಲೂಕುವಾರು ಪಟ್ಟಿ ಮಾಡಿ ಪ್ರಕಟಿಸೋಕೆ ಏನು ಕಷ್ಟ? ಕಂಪ್ಯೂಟರ್ ಬಂದು ಎಷ್ಟು ವರ್ಷ ಆಯ್ತು?

ಮೂರನೆಯದು, ಯಾಕೆ ಸತ್ತರು ಅನ್ನೋದು. 2020ರಲ್ಲಿ ಇಡೀ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರ್ ಕಾರಣ ಬರೆದುಕೊಟ್ಟಿದ್ದು ಶೇ. 22.5 ಮಾತ್ರ. ಉಳಿದವರು ಸುಮ್ನೆ ಸತ್ತರು. ನಮ್ಮ ಕೇರಿಗಳಲ್ಲಿ ಕಾರಣ ಕೇಳಿದ್ರೆ "ಎದಿ ನೋವು ಬಂತು ಹೋದ", "ಜ್ವರ ಬಂತು ಹೋದ್ಲು" ಅಷ್ಟೇ. ಕ್ಷಯವೋ, ಸಕ್ಕರೆ ಕಾಯಿಲೆಯೋ, ಕಲ್ಲುಗಣಿಯ ದೂಳೋ, ಯಾರಿಗೆ ಗೊತ್ತು.

*ಜಿಲ್ಲೆ ಸಾಯಲ್ಲ, ಜನ ಸಾಯ್ತಾರೆ*

ಈಗ ನಮ್ಮವರೇ ಮಾಡೋ ಒಂದು ವಾದಕ್ಕೆ ಬರ್ತೀನಿ. "ಇದು ಪ್ರಾದೇಶಿಕ ಅಸಮಾನತೆ, ಕಲ್ಯಾಣ ಕರ್ನಾಟಕಕ್ಕೆ ಹಣ ಕೊಟ್ಟರೆ ಸರಿ ಹೋಗುತ್ತೆ."

ಪ್ರಾದೇಶಿಕ ಅನ್ಯಾಯ ನಿಜ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ವರದಿ ಕೊಟ್ಟಿತು. ಆಗಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಒಂದೇ ಗುಲ್ಬರ್ಗ ವಿಭಾಗದಲ್ಲಿ ಅಂತ ಹೇಳಿತು. ಹೋರಾಟ ಆಯ್ತು, 371(ಜೆ) ಬಂತು, ಮಂಡಳಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅನ್ನೋ ಹೆಸರೂ ಬಂತು. ವರ್ಷಕ್ಕೆ ಐದು ಸಾವಿರ ಕೋಟಿ ಅಂತ ಘೋಷಣೆಯೂ ಆಯ್ತು. ಹೆಸರು ಬದಲಾದ ವೇಗದಲ್ಲಿ ಹೆರಿಗೆ ಕೋಣೆ ಬದಲಾಯ್ತಾ?

ಯಾದಗಿರಿಯನ್ನೇ ತಗೊಳ್ಳಿ. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ. 51.8. ಅದೇ ವರ್ಷ ದಕ್ಷಿಣ ಕನ್ನಡದಲ್ಲಿ ಶೇ. 88.6. ಯಾದಗಿರಿಯಲ್ಲಿ ಪರಿಶಿಷ್ಟ ಜಾತಿ ಶೇ. 23, ಪರಿಶಿಷ್ಟ ಪಂಗಡ ಶೇ. 12 ದಾಟಿದೆ. ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ನಮ್ಮವರು. ದಕ್ಷಿಣ ಕನ್ನಡದಲ್ಲಿ ಪರಿಶಿಷ್ಟ ಜಾತಿ ಶೇ. 7ರ ಹತ್ತಿರ, ಉಡುಪಿಯಲ್ಲಿ ಶೇ. 6ರ ಹತ್ತಿರ. ಯಾದಗಿರಿಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ ಅಂತ ಎನ್‌ಎಫ್‌ಎಚ್‌ಎಸ್ ನಾಲ್ಕರಲ್ಲೂ ಹೇಳಿತು, ಐದರಲ್ಲೂ ಹೇಳಿತು. ಐದನೆಯದರಲ್ಲಿ ರಾಜ್ಯದ ಸರಾಸರಿ ಶೇ. 35.

ಹಾಗಾದ್ರೆ "ಹಿಂದುಳಿದ ಜಿಲ್ಲೆ" ಅಂದರೇನು? ಹಿಂದುಳಿದ ಜಿಲ್ಲೆಯಲ್ಲಿ ಎಲ್ಲರೂ ಹಿಂದುಳಿದಿಲ್ಲ ಗೆಳೆಯರೆ. ಅದೇ ಯಾದಗಿರಿಯಲ್ಲಿ, ಅದೇ ರಾಯಚೂರಿನಲ್ಲಿ ಕಾಲುವೆ ನೀರು ಹರಿಯೋ ಹೊಲದ ಯಜಮಾನ ಇದ್ದಾನೆ. ಅವನ ಸೊಸೆಗೆ ಹೆರಿಗೆ ನೋವು ಬಂದರೆ ಕಾರು ಮನೆ ಮುಂದೆ ಇರುತ್ತೆ, ಹೈದರಾಬಾದಿನ ಡಾಕ್ಟರ್ ನಂಬರ್ ಫೋನಿನಲ್ಲಿರುತ್ತೆ. ಅದೇ ಹೊಲದಲ್ಲಿ ಭತ್ತದ ಸಸಿ ಹಚ್ಚೋ ಹೆಣ್ಣುಮಗಳಿಗೆ ಎಂಟನೇ ತಿಂಗಳವರೆಗೂ ರಜೆ ಇಲ್ಲ. ಇವರಿಬ್ಬರನ್ನೂ ಕೂಡಿಸಿ "ಹಿಂದುಳಿದ ಪ್ರದೇಶದ ಮಹಿಳೆಯರು" ಅಂತ ಕರೆದು ಹಣ ತಂದು, ಆ ಹಣದಲ್ಲಿ ಯಜಮಾನನ ಮನೆ ಮುಂದಿನ ಸಿ.ಸಿ. ರಸ್ತೆ ಮಾಡೋದನ್ನ ಪ್ರಾದೇಶಿಕ ನ್ಯಾಯ ಅಂತ ನಾನು ಒಪ್ಪಲ್ಲ.

ಇದು ಬರೀ ಉತ್ತರದ ಕತೆ ಅಂದ್ಕೋಬೇಡಿ. ಕೋಲಾರದಲ್ಲಿ ಪರಿಶಿಷ್ಟ ಜಾತಿ ಶೇ. 30, ಚಾಮರಾಜನಗರದಲ್ಲಿ ಶೇ. 25. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಏನಾಯ್ತು ಅಂತ ಮರೆತಿಲ್ಲ ತಾನೇ? ಆಕ್ಸಿಜನ್ ಇಲ್ಲದೆ ಜನ ಸತ್ತರು. ಮೈಸೂರಿಂದ ಸಿಲಿಂಡರ್ ಬರಬೇಕಿತ್ತು. ಆಕ್ಸಿಜನ್ ಕೊರತೆಯಿಂದ ಸತ್ತವರು ಮೂರೇ ಜನ ಅಂತ ಆಗಿನ ಆರೋಗ್ಯ ಮಂತ್ರಿ ಹೇಳಿದರು. ಹೈಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿಗಳ ಸಮಿತಿ 36 ಅಂತ ಹೇಳಿತು. 3 ಎಲ್ಲಿ, 36 ಎಲ್ಲಿ. ನ್ಯಾಯಾಲಯ ಕೇಳದೇ ಇದ್ದಿದ್ದರೆ ಇವತ್ತಿಗೂ ಮೂರೇ. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಹೀಗೆ ಲೆಕ್ಕ ತಪ್ಪಿಸೋಕೆ ಧೈರ್ಯ ಬರ್ತಿತ್ತಾ?

2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. ನಮ್ಮ ಜನರ ಕೇರಿ. ನಲ್ಲಿ ನೀರು ಕುಡಿದು ಜನ ಸತ್ತರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅದು ಕಾಡಿನ ನಡುವಿನ ಊರಲ್ಲ, ಜಿಲ್ಲಾ ಕೇಂದ್ರ. ಜಿಲ್ಲಾಧಿಕಾರಿ ಕಚೇರಿ ಇರೋ ಊರಿನಲ್ಲೇ ಕೇರಿಯ ನೀರು ಬೇರೆ, ಊರಿನ ನೀರು ಬೇರೆ ಆಗಿದ್ದರೆ ಜಿಲ್ಲೆಯ ಸರಾಸರಿ ಇಟ್ಕೊಂಡು ಏನು ಮಾಡೋಣ?

*"ನಿಮ್ಮ ಅಭ್ಯಾಸ ಸರಿ ಇಲ್ಲ"*

ಇದು ಅವರ ಕೊನೆಯ ಬಾಣ. ಬಾಲ್ಯವಿವಾಹ ಮಾಡ್ತೀರಿ, ಕುಡಿತೀರಿ, ತಂಬಾಕು ತಿಂತೀರಿ, ಆಸ್ಪತ್ರೆಗೆ ಲೇಟಾಗಿ ಬರ್ತೀರಿ, ಸಾಯ್ತೀರಿ.

ಸಾವಿನ ನೋಂದಣಿಗೆ ತುಂಬಿಸೋ ಫಾರಂ ನೋಡಿದ್ದೀರಾ? ಸತ್ತವರ ಧರ್ಮ ಕೇಳುತ್ತೆ. ಬೀಡಿ ಸೇದ್ತಿದ್ರಾ, ಎಷ್ಟು ವರ್ಷ? ತಂಬಾಕು ಜಗೀತಿದ್ರಾ, ಎಷ್ಟು ವರ್ಷ? ಅಡಿಕೆ, ಪಾನ್ ಮಸಾಲ ತಿಂತಿದ್ರಾ? ಕುಡೀತಿದ್ರಾ? ಇಷ್ಟೆಲ್ಲ ಕೇಳುತ್ತೆ. ಜಾತಿ ಕೇಳಲ್ಲ. ಅಂದರೆ ನಾಳೆ ಯಾರಾದ್ರೂ ಲೆಕ್ಕ ಹಾಕಿದರೆ "ಬೀಡಿ ಸೇದಿ ಸತ್ತ" ಅಂತ ಹೇಳಬಹುದು, "ಜಾತಿಯಿಂದ ಸತ್ತ" ಅಂತ ಹೇಳೋಕೆ ಆಗಲ್ಲ. ಹುಟ್ಟಿದಾಗ ಜಾತಿ, ಸ್ಕೂಲಿನಲ್ಲಿ ಜಾತಿ, ಕೆಲಸಕ್ಕೆ ಜಾತಿ, ಮದುವೆಗೆ ಜಾತಿ, ಸ್ಮಶಾನಕ್ಕೂ ಜಾತಿ. ಸಾವಿನ ಕಾಗದದಲ್ಲಿ ಮಾತ್ರ ನಾವೆಲ್ಲ ಒಂದೇ. ಎಂಥಾ ಸಮಾನತೆ ನೋಡಿ!

ಈ "ಅಭ್ಯಾಸ"ದ ವಾದ ಹೊಸದಲ್ಲ. 1896ರಲ್ಲಿ ಅಮೆರಿಕದಲ್ಲಿ ಫ್ರೆಡರಿಕ್ ಹಾಫ್‌ಮನ್ ಅನ್ನೋ ವಿಮಾ ಕಂಪನಿಯ ಅಂಕಿಅಂಶ ತಜ್ಞ ಕರಿಯರ ಸಾವಿನ ಅಂಕಿಗಳನ್ನ ಗುಡ್ಡೆ ಹಾಕಿ, ಈ ಜನಾಂಗವೇ ದುರ್ಬಲ, ಇವರ ಸ್ವಭಾವವೇ ಹಾಗೆ ಅಂತ ಪುಸ್ತಕ ಬರೆದ. ಅದಕ್ಕೆ ಉತ್ತರ ಕೊಟ್ಟವರು ಡಬ್ಲ್ಯು.ಇ.ಬಿ. ಡುಬೋಯಿಸ್. 1899ರಲ್ಲಿ ಫಿಲಡೆಲ್ಫಿಯಾದ ಕರಿಯರ ಬಗ್ಗೆ, 1906ರಲ್ಲಿ ಅವರ ಆರೋಗ್ಯದ ಬಗ್ಗೆ ಬರೆದು, ಈ ಸಾವುಗಳು ರಕ್ತದಿಂದ ಬಂದದ್ದಲ್ಲ, ಬದುಕಿನ ಸ್ಥಿತಿಯಿಂದ ಬಂದದ್ದು ಅಂತ ಅಂಕಿಗಳಿಂದಲೇ ತೋರಿಸಿದರು. ಇದೇ ಡುಬೋಯಿಸ್ ಅವರಿಗೆ 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದಿದ್ದರು. ಅವರ ನೋವಿಗೂ ನಮ್ಮ ನೋವಿಗೂ ಹೋಲಿಕೆ ಇದೆ ಅನ್ನೋದು ಬಾಬಾಸಾಹೇಬರಿಗೆ ಆಗಲೇ ಗೊತ್ತಿತ್ತು.

ಬಡತನದ ವಾದಕ್ಕೂ ಉತ್ತರ ಇದೆ. "ಜಾತಿ ಅಲ್ಲ, ಬಡತನ" ಅನ್ನೋ ಪ್ರಗತಿಪರ ಗೆಳೆಯರು ನಮ್ಮಲ್ಲೂ ಇದ್ದಾರಲ್ಲ. ಸಂಗೀತಾ ವ್ಯಾಸ್, ಪಾಯಲ್ ಹಾಥಿ, ಆಶಿಶ್ ಗುಪ್ತಾ ಅನ್ನೋ ಮೂವರು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂಬತ್ತು ರಾಜ್ಯಗಳ ಲೆಕ್ಕ. ಮೇಲ್ಜಾತಿ ಹಿಂದೂಗಳಿಗಿಂತ ಆದಿವಾಸಿಗಳ ಆಯಸ್ಸು ನಾಲ್ಕು ವರ್ಷಕ್ಕೂ ಹೆಚ್ಚು ಕಡಿಮೆ, ದಲಿತರ ಆಯಸ್ಸು ಮೂರು ವರ್ಷಕ್ಕೂ ಹೆಚ್ಚು ಕಡಿಮೆ. ಆರ್ಥಿಕ ಸ್ಥಿತಿಯ ವ್ಯತ್ಯಾಸ ಲೆಕ್ಕಕ್ಕೆ ತಗೊಂಡರೂ ಅಂತರದ ಅರ್ಧದಷ್ಟೂ ವಿವರಣೆ ಸಿಗಲ್ಲ. ಉಳಿದದ್ದು ಏನು? ಉಳಿದದ್ದಕ್ಕೆ ನಾವು ಹೆಸರಿಡಬಲ್ಲೆವು. ಆ ಒಂಬತ್ತರಲ್ಲಿ ಕರ್ನಾಟಕ ಇಲ್ಲ, ಯಾಕಂದ್ರೆ ಆ ಸಮೀಕ್ಷೆ ನಡೆದದ್ದೇ ಉತ್ತರ ಮತ್ತು ಪೂರ್ವದ ರಾಜ್ಯಗಳಲ್ಲಿ. ನಮ್ಮ ಕೇರಿಗಳ ಆಯಸ್ಸನ್ನ ಇನ್ನೂ ಯಾರೂ ಹಾಗೆ ಅಳೆದು ಮುಂದಿಟ್ಟಿಲ್ಲ.

ದೇಶಮಟ್ಟದಲ್ಲಿ ಎನ್‌ಎಫ್‌ಎಚ್‌ಎಸ್-5 ಜಾತಿವಾರು ಶಿಶು ಮರಣ ಕೊಡುತ್ತೆ. ಪರಿಶಿಷ್ಟ ಜಾತಿಯಲ್ಲಿ ಸಾವಿರಕ್ಕೆ ಸುಮಾರು 41, ಪರಿಶಿಷ್ಟ ಪಂಗಡದಲ್ಲಿ ಸುಮಾರು 42, ಇತರೆ ಅನ್ನೋ ಸಾಲಿನವರಲ್ಲಿ 28. 2018ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗದ ವರದಿ ಒಂದು ಮಾತು ಹೇಳಿತು: 2004-05ರ ದತ್ತಾಂಶದಲ್ಲಿ ಸತ್ತ ದಲಿತ ಹೆಂಗಸರ ಸರಾಸರಿ ವಯಸ್ಸು 39.5, ಮೇಲ್ಜಾತಿ ಹೆಂಗಸರದ್ದು 54.1. ಇದು ಸತ್ತವರ ಸರಾಸರಿ ವಯಸ್ಸು, ಆಯಸ್ಸಿನ ನಿರೀಕ್ಷೆ ಅಲ್ಲ, ಎರಡನ್ನೂ ಕಲಸಬೇಡಿ. ಆದರೂ ಹದಿನಾಲ್ಕೂವರೆ ವರ್ಷ. ಆ ಹದಿನಾಲ್ಕೂವರೆ ವರ್ಷದಲ್ಲಿ ಮೊಮ್ಮಕ್ಕಳನ್ನ ಎತ್ತಿ ಆಡಿಸಬಹುದಿತ್ತು.

*ಹೇಗೆ ಸಾಯ್ತಾರೆ*

ಹೆರಿಗೆಯ ಸಾವಿಗೆ ಮೂರು ತಡಗಳು ಕಾರಣ ಅಂತ ಆರೋಗ್ಯ ತಜ್ಞರು ಹೇಳ್ತಾರೆ. ಆಸ್ಪತ್ರೆಗೆ ಹೋಗೋಣ ಅಂತ ತೀರ್ಮಾನಿಸೋದರಲ್ಲಿ ತಡ, ತಲುಪೋದರಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗೋದರಲ್ಲಿ ತಡ. ಮೊದಲನೆಯ ತಡದ ಬಗ್ಗೆ ನಮಗೆ ಬೈಯ್ತಾರೆ. ಮೂರನೆಯದರ ಬಗ್ಗೆ ಬಾಯಿ ಬಿಡಲ್ಲ.

ನಾನು ಕಂಡ ಒಂದು ಸಾವು ಹೇಳ್ತೀನಿ. ಊರು, ಆಸ್ಪತ್ರೆ ಹೆಸರು ಬೇಡ, ಆ ಮನೆಯವರು ಅಲ್ಲೇ ಬಾಳಬೇಕು. ಎರಡನೇ ಹೆರಿಗೆ. ತಾಯಿ ಕಾರ್ಡಿನಲ್ಲಿ ರಕ್ತ ಕಡಿಮೆ ಅಂತ ಆರನೇ ತಿಂಗಳಲ್ಲೇ ಬರೆದಿತ್ತು. ಆಶಾ ಕಾರ್ಯಕರ್ತೆ ಸರಿಯಾದ ಟೈಮಿಗೆ ಕರ್ಕೊಂಡು ಹೋದ್ಲು, ಅಂದರೆ ಮೊದಲ ತಡ ಆಗಲಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆ ಇತ್ತು, ಅರಿವಳಿಕೆ ಡಾಕ್ಟರ್ ಇರಲಿಲ್ಲ. ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಡಾಕ್ಟರ್ ಇದ್ದರು, ಆ ಗುಂಪಿನ ರಕ್ತ ಇರಲಿಲ್ಲ. ಮುಂದಕ್ಕೆ ಬರೆದುಕೊಟ್ಟರು. ಮೂರನೇ ಊರಿಗೆ ಹೋಗೋ ದಾರಿಯಲ್ಲಿ ಆಂಬುಲೆನ್ಸಿನಲ್ಲೇ ಹೋದ್ಲು. ಗಂಡ ನನ್ನ ಮುಂದೆ ಕೂತು ಅಂದದ್ದಿಷ್ಟೇ: "ಅಣ್ಣಾರೆ, ಎಲ್ಲಾ ಕಡೀನೂ ಚೀಟಿ ಕೊಟ್ರು ನೋಡ್ರಿ." ಮೂರು ಚೀಟಿ ಅವನ ಜೇಬಿನಲ್ಲಿದ್ದವು.

ಹೆರಿಗೆ ಆಪರೇಷನ್‌ಗೆ ಮೂವರು ತಜ್ಞರು ಬೇಕು: ಸ್ತ್ರೀರೋಗ, ಅರಿವಳಿಕೆ, ಮಕ್ಕಳ ತಜ್ಞರು. ಜೊತೆಗೆ ರಕ್ತ ಬೇಕು. ಇಪ್ಪತ್ನಾಲ್ಕು ಗಂಟೆಯೂ ಬೇಕು. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಉಳಿದ ಮೂರೂ ದಂಡ. ಸರ್ಕಾರ "ಹುದ್ದೆ ಭರ್ತಿ ಶೇ. 75" ಅಂತ ಬರೆದುಕೊಂಡರೆ ಆ ತಾಯಿಗೆ ಅದು ಸೊನ್ನೆ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಐದು ಜನ ಸತ್ತರು. ಡ್ರಿಪ್ಪಿನ ದ್ರಾವಣದ ಮೇಲೆ ಅನುಮಾನ ಬಂತು, ಅದನ್ನ ನಿಲ್ಲಿಸಿದರು. ಗಲಾಟೆ ಆದ ಮೇಲೆ ಸರ್ಕಾರ ತಾಯಂದಿರ ಸಾವಿನ ಆಡಿಟ್ ಮಾಡಿಸಿತು. 2024ರ ಏಪ್ರಿಲಿನಿಂದ ಡಿಸೆಂಬರ್‌ವರೆಗೆ 464 ಸಾವು. ಅದರಲ್ಲಿ ಶೇ. 70ರಷ್ಟು ತಪ್ಪಿಸಬಹುದಾಗಿತ್ತು ಅಂತ ಸರ್ಕಾರದ ಆಡಿಟ್ಟೇ ಹೇಳಿತು. ನಾನು ಹೇಳಿದ್ದಲ್ಲ. ಮುನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಒಂಬತ್ತು ತಿಂಗಳಲ್ಲಿ, ಸಾಯಬೇಕಿರಲಿಲ್ಲ, ಸತ್ತರು. ಅವರಲ್ಲಿ ಎಷ್ಟು ಜನ ಕೇರಿಯವರು, ಎಷ್ಟು ಜನ ತಾಂಡಾದವರು, ಎಷ್ಟು ಜನ ಹಟ್ಟಿಯವರು? ಇದನ್ನ ಯಾವ ಮಂತ್ರಿಯ ಪತ್ರಿಕಾಗೋಷ್ಠಿಯೂ ಹೇಳಲಿಲ್ಲ, ಯಾವ ಪತ್ರಕರ್ತನೂ ಗಟ್ಟಿಯಾಗಿ ಕೇಳಲಿಲ್ಲ.

ಮೊಟ್ಟೆಯ ಕತೆ ನೆನಪಿದೆಯಾ? 2021ರ ಡಿಸೆಂಬರಿನಲ್ಲಿ ಉತ್ತರದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ಬೀದಿಗೆ ಬಂದರು. ಆಮೇಲೆ ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನ, ತಿನ್ನದ ಗದಗಿನ ಮಕ್ಕಳ ಜೊತೆ ಹೋಲಿಸಿ ಅಧ್ಯಯನ ಮಾಡಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಅಂದರೆ ಪರಿಹಾರ ಗೊತ್ತಿದೆ, ಅಗ್ಗವಾಗಿದೆ, ಸಾಬೀತೂ ಆಗಿದೆ. ಅಡ್ಡ ಬಂದಿದ್ದು ಯಾರ ಮಡಿ? ಸಾವಿನ ಲೆಕ್ಕ ಬರೆಯುವಾಗ ಆ ಮಡಿಯನ್ನೂ ಒಂದು ಕಾರಣ ಅಂತ ಬರೆಯಬೇಕು.

*ಎಣಿಸಿದರೆ ಏನಾಗುತ್ತೆ*

ಅಮೆರಿಕದಲ್ಲಿ ರಾಜ್ಯದೊಳಗೆ ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ. ಅಲ್ಲಿ ಮರಣ ಪತ್ರದಲ್ಲಿ ಜನಾಂಗ ಬರೀತಾರೆ, ಕೌಂಟಿವಾರು ಲೆಕ್ಕ ಹೊರಗೆ ಬರುತ್ತೆ. 2017ರಲ್ಲಿ ಬಂದ ಒಂದು ಅಧ್ಯಯನ 2014ರ ಲೆಕ್ಕ ತೆಗೆದು, ಕೌಂಟಿ ಕೌಂಟಿಗಳ ನಡುವೆ ಆಯಸ್ಸಿನ ಅಂತರ 20 ವರ್ಷ ಅಂತ ತೋರಿಸಿತು. ಅತಿ ಕಡಿಮೆ, 66.8 ವರ್ಷ, ಸೌತ್ ಡಕೋಟದ ಓಗ್ಲಾಲ ಲಕೋಟ ಕೌಂಟಿ. ಅಲ್ಲಿರೋರು ಯಾರು? ಪೈನ್ ರಿಜ್ ಮೀಸಲು ಪ್ರದೇಶದ ಮೂಲನಿವಾಸಿಗಳು. ಅತಿ ಹೆಚ್ಚು, 86.8, ಕೊಲರಾಡೋದ ಒಂದು ಶ್ರೀಮಂತ ಕೌಂಟಿ. ಅಷ್ಟು ದೂರ ಹೋಗೋದೂ ಬೇಡ, ಅದೇ ಸೌತ್ ಡಕೋಟದ ರಾಜ್ಯ ಸರಾಸರಿಗೂ ಓಗ್ಲಾಲ ಲಕೋಟಕ್ಕೂ ಹತ್ತು ವರ್ಷಕ್ಕಿಂತ ಹೆಚ್ಚು ಅಂತರ. ಭೂಮಿ ಕಿತ್ತುಕೊಂಡು ಒಂದು ಮೂಲೆಗೆ ತಳ್ಳಿದ ಜನ ಮೊದಲು ಸಾಯ್ತಾರೆ. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

ಎಣಿಸಿದ ಮಾತ್ರಕ್ಕೆ ಅಲ್ಲಿ ಸಾವು ನಿಂತಿಲ್ಲ. ಅದು ನನಗೂ ಗೊತ್ತು. ಆದರೆ ಎಣಿಸಿದ್ದಕ್ಕೆ ಅಲ್ಲಿ ಯಾರೂ "ನಮ್ಮಲ್ಲಿ ಜನಾಂಗದ ಸಮಸ್ಯೆ ಇಲ್ಲ" ಅಂತ ಹಾಳೆ ತಿರುವಿ ಹಾಕಿ ಕಾಫಿ ಕುಡಿಯೋಕಾಗಲ್ಲ. ನಮ್ಮಲ್ಲಿ ಆಗುತ್ತೆ.

ಜಾತಿ ಎಣಿಸೋದು ಕಷ್ಟ ಅನ್ನೋ ನೆಪವೂ ಇಲ್ಲ. ಈ ರಾಜ್ಯ ಮನೆ ಮನೆಗೆ ಹೋಗಿ ಜಾತಿ ಸಮೀಕ್ಷೆ ಮಾಡಿದೆ, ಒಳಮೀಸಲಾತಿಗೆ ಅಂತ ಮತ್ತೆ ಮಾಡಿದೆ. ಯಾವ ಜಾತಿಯ ಓಟು ಎಷ್ಟು ಅಂತ ಪ್ರತಿ ಬೂತಿನ ಏಜೆಂಟನಿಗೂ ಗೊತ್ತು. ಬದುಕಿದ್ದಾಗ ಓಟಿಗೆ ಎಣಿಸೋರಿಗೆ ಸತ್ತಾಗ ಎಣಿಸೋಕೆ ಯಾಕೆ ಕೈ ನಡುಗುತ್ತೆ?

ದುಡ್ಡಿಲ್ಲ ಅನ್ನೋ ಹಾಗೂ ಇಲ್ಲ. 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. ನಮ್ಮ ಜನಸಂಖ್ಯೆಗೆ ತಕ್ಕ ಪಾಲು ನಮಗೇ ಖರ್ಚಾಗಬೇಕು. 2023-24ರಲ್ಲಿ ಅದರಿಂದ 11,144 ಕೋಟಿ, 2024-25ರಲ್ಲಿ 14,282 ಕೋಟಿ ಗ್ಯಾರಂಟಿ ಯೋಜನೆಗಳಿಗೆ ಹೋಯ್ತು. ಎಲ್ಲರಿಗೂ ಕೊಡೋ ಗ್ಯಾರಂಟಿಯಲ್ಲಿ ನಮ್ಮ ಪಾಲನ್ನ ನಮ್ಮ ಹಣದಿಂದಲೇ ಕಟ್ ಮಾಡಿದರು. ಗ್ಯಾರಂಟಿಗೆ ನನ್ನ ವಿರೋಧ ಇಲ್ಲ, ನಮ್ಮ ಅಕ್ಕ ತಂಗಿಯರಿಗೂ ಎರಡು ಸಾವಿರ ಬರುತ್ತೆ, ಬರಲಿ. ಅದನ್ನ ಸಾಮಾನ್ಯ ಬಜೆಟ್ಟಿನಿಂದ ಕೊಡಿ. ಈ ವಿಶೇಷ ಹಣದಲ್ಲಿ ಎಷ್ಟು ತಾಲೂಕು ಆಸ್ಪತ್ರೆಗೆ ರಕ್ತನಿಧಿ ಇಡಬಹುದಿತ್ತು, ಎಷ್ಟು ಕೇರಿಗೆ ಶುದ್ಧ ನೀರಿನ ಪೈಪ್ ಹಾಕಬಹುದಿತ್ತು, ಲೆಕ್ಕ ಹಾಕಿ.

*ನಮ್ಮ ಬೇಡಿಕೆ*

ಒಂದು. ಸಾವಿನ ನೋಂದಣಿಯಲ್ಲಿ ಎಸ್‌ಸಿ, ಎಸ್‌ಟಿ, ಅಲೆಮಾರಿ ಸಮುದಾಯಗಳ ಕಾಲಂ ಬರಬೇಕು. ಹೆಸರು ಬಯಲು ಮಾಡೋದು ಬೇಡ, ತಾಲೂಕುವಾರು ಒಟ್ಟು ಲೆಕ್ಕ ಸಾಕು.

ಎರಡು. ಮೃತರ ವಾಸಸ್ಥಳದ ಆಧಾರದಲ್ಲಿ, ವಯಸ್ಸಿನ ಗುಂಪಿನ ಪ್ರಕಾರ, ಜಿಲ್ಲೆ ಮತ್ತು ತಾಲೂಕುವಾರು ಸಾವಿನ ಲೆಕ್ಕ ಪ್ರತಿ ವರ್ಷ ಪ್ರಕಟ ಆಗಬೇಕು.

ಮೂರು. ಪ್ರತಿ ತಾಯಿ ಸಾವಿನ, ಶಿಶು ಸಾವಿನ ಆಡಿಟ್ಟಿನ ಸಾರಾಂಶ ಜಾತಿವಾರು ವಿವರದ ಜೊತೆ ವಿಧಾನಸಭೆಯಲ್ಲಿ ಮಂಡನೆ ಆಗಬೇಕು. ಎಷ್ಟು ಸಲ ಮುಂದಿನ ಆಸ್ಪತ್ರೆಗೆ ಚೀಟಿ ಬರೆದರು ಅನ್ನೋದೂ ಅದರಲ್ಲಿರಬೇಕು.

ನಾಲ್ಕು. ಮೂವರು ತಜ್ಞರು ಮತ್ತು ರಕ್ತ, ನಾಲ್ಕೂ ಒಟ್ಟಿಗೆ ಇಲ್ಲದ ತಾಲೂಕು ಆಸ್ಪತ್ರೆಯನ್ನ ಹೆರಿಗೆ ಆಸ್ಪತ್ರೆ ಅಂತ ಲೆಕ್ಕಕ್ಕೆ ತಗೋಬಾರದು.

ಐದು. ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ ವಾಪಸ್ ಬರಬೇಕು. ಕೇರಿ, ತಾಂಡಾ, ಹಾಡಿಗಳ ನೀರು ಮತ್ತು ಆರೋಗ್ಯಕ್ಕೆ ಅದರಲ್ಲಿ ನಿಗದಿತ ಪಾಲು ಇರಬೇಕು.

ಬೇಡಿಕೆ ಬರೆದು ಸುಮ್ಮನಾದರೆ ಇದೂ ಒಂದು ಪೋಸ್ಟ್ ಅಷ್ಟೇ. ಆದ್ದರಿಂದ ಒಂದು ಕೆಲಸ ಹೇಳ್ತೀನಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ 150 ಪದ, ಒಂದೇ ವಿಷಯ ಇರಬೇಕು, ಆದ್ದರಿಂದ ಬೇರೆ ಬೇರೆ ಅರ್ಜಿ ಮಾಡಿ, ಎಲ್ಲ ಕಲಸಿ ಒಂದರಲ್ಲಿ ಹಾಕಿದರೆ ತಿರಸ್ಕರಿಸ್ತಾರೆ. ಒಂದರಲ್ಲಿ, ನಿಮ್ಮ ಜಿಲ್ಲೆಯಲ್ಲಿ ಕಳೆದ ಮೂರು ವರ್ಷದಲ್ಲಿ ತಾಯಂದಿರ ಸಾವು ಎಷ್ಟು, ತಾಲೂಕುವಾರು, ಎಸ್‌ಸಿ, ಎಸ್‌ಟಿ, ಇತರೆ ಅಂತ ಕೇಳಿ. ಇನ್ನೊಂದರಲ್ಲಿ, ನಿಮ್ಮ ತಾಲೂಕು ಆಸ್ಪತ್ರೆಯ ಮೂವರು ತಜ್ಞರ ಹುದ್ದೆ ಎಷ್ಟು ತಿಂಗಳು ಖಾಲಿ ಇತ್ತು ಅಂತ ಕೇಳಿ. "ಜಾತಿವಾರು ಮಾಹಿತಿ ಲಭ್ಯವಿಲ್ಲ" ಅಂತ ಉತ್ತರ ಬಂದರೆ ಬೇಸರ ಮಾಡ್ಕೋಬೇಡಿ. ಆ ಉತ್ತರವನ್ನೇ ಜೋಪಾನವಾಗಿ ಇಟ್ಕೊಳ್ಳಿ. ಮೂವತ್ತೊಂದು ಜಿಲ್ಲೆಯಿಂದ ಮೂವತ್ತೊಂದು "ಲಭ್ಯವಿಲ್ಲ" ಬಂದರೆ ಅದೇ ನಮ್ಮ ಸಾಕ್ಷಿ. ಅದನ್ನ ಹಿಡ್ಕೊಂಡು ಅಧಿವೇಶನದ ಸಮಯದಲ್ಲಿ ಬೆಳಗಾವಿಗೆ ಹೋಗೋಣ, ಬೇಕಾದ್ರೆ ಹೈಕೋರ್ಟಿಗೂ ಹೋಗೋಣ. ಚಾಮರಾಜನಗರದಲ್ಲಿ 3 ಅನ್ನೋದು 36 ಆಗಿದ್ದು ಕೋರ್ಟು ಕೇಳಿದ್ದಕ್ಕೆ.

ಅರ್ಜಿ ಹಾಕೋರು ಕೆಳಗೆ ನಿಮ್ಮ ಜಿಲ್ಲೆಯ ಹೆಸರು ಬರೀರಿ. ಸತ್ತವರ ಹೆಸರು, ಮನೆಯವರ ಹೆಸರು, ಫೋಟೋ ಇಲ್ಲಿ ಹಾಕಬೇಡಿ, ಅವರಿಗೆ ತೊಂದರೆ ಆಗುತ್ತೆ. ಅರ್ಜಿಯ ಮಾದರಿ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ.

ಜೈ ಭೀಮ್.